ಉಸಿರು ಕಾಯ್ದ ವಿದ್ಯಾರ್ಥಿಗಳು

ಚಿಕಿತ್ಸೆಗೆ ನಾಲ್ಕು ಪಾದಗಳುಂಟೆಂದು ಆಯುರ್ವೇದಶಾಸ್ತ್ರವು ಹೇಳುತ್ತದೆ. ವೈದ್ಯ, ಔಷಧ, ಪರಿಚಾರಕ, ರೋಗಿ ಎಂಬವೇ ಆ ನಾಲ್ಕು ಪಾದಗಳು. ಇವುಗಳಲ್ಲಿ ಪರಿಚಾರಕನಿಗೆ ಚರಕಸಂಹಿತೆಯು ನಾಲ್ಕು ಗುಣಗಳನ್ನು ವಿಧಿಸಿದೆ: ಉಪಚಾರಕ್ರಮವನ್ನು ಬಲ್ಲವನಾಗಿರಬೇಕು, ದಕ್ಷನಾಗಿರಬೇಕು, ಅನುರಾಗವುಳ್ಳವನಾಗಿರಬೇಕು, ಶುಚಿಯಾಗಿರಬೇಕು. ವೈದ್ಯವಿದ್ಯೆಯನ್ನು ಕಲಿಯಹೋಗುವವನು ಮೊದಲನೆಯ ಪಾದವಾಗಬೇಕೆಂಬ ಆಸೆಯಿಂದಲೇ ಹೋಗುತ್ತಾನೆ. ಮೂರನೆಯ ಪಾದವಾಗುವ ಯೋಚನೆ ಅವನಿಗೆ ಸಾಮಾನ್ಯವಾಗಿ ಬರುವುದಿಲ್ಲ. ಆದರೆ ಮೊದಲನೆಯ ಪಾದಕ್ಕೆಂದು ಓದುತ್ತಿದ್ದ ನೂರಾರು ಮಂದಿ ತರುಣರೂ ತರುಣಿಯರೂ ಒಮ್ಮೆಗೇ ಮೂರನೆಯ ಪಾದವಾಗಿ ನಿಲ್ಲಬೇಕಾಗಿ ಬಂದ ಒಂದು ಸಂದರ್ಭವು ಚರಿತ್ರೆಯಲ್ಲಿ ಉಂಟು. ಅವರು ಹಾಗೆ ನಿಂತುದರ ಫಲವಾಗಿ ವೈದ್ಯಶಾಸ್ತ್ರದಲ್ಲಿ ಹೊಸದೊಂದು ಶಾಖೆಯೇ ಹುಟ್ಟಿತು.

ಈಗ ವೈದ್ಯಕಾಲೇಜಿನ ಕೊನೆಯ ವರ್ಷಗಳಲ್ಲಿರುವ ವಿದ್ಯಾರ್ಥಿಯು ಯಾವ ಯಾವ ವಿಭಾಗಗಳಲ್ಲಿ ಕೆಲವು ವಾರ ಕಳೆಯಬೇಕೆಂದು ಆರಿಸಿಕೊಳ್ಳುವ ಪದ್ಧತಿ ಅನೇಕ ದೇಶಗಳಲ್ಲಿದೆ. ಆ ಪಟ್ಟಿಯಲ್ಲಿ ತೀವ್ರನಿಗಾ ವಿಭಾಗವೂ ಒಂದು. ಅದನ್ನು ಆರಿಸಬೇಕೆ ಬಿಡಬೇಕೆ ಎಂಬ ವಿಷಯದಲ್ಲಿ ಎರಡು ಮತಗಳುಂಟು. ಯಂತ್ರಗಳ ನಡುವೆ, ಮರಣಾಸನ್ನರ ನಡುವೆ, ತನಗಿಂತ ಬಹಳ ಬಲ್ಲವರ ನಡುವೆ ವಿದ್ಯಾರ್ಥಿಯು ಬರಿಯ ಪ್ರೇಕ್ಷಕನಾಗಿ ನಿಲ್ಲಬೇಕಾಗುತ್ತದೆ, ಅದರಿಂದ ಪ್ರಯೋಜನವಿಲ್ಲ ಎಂಬುದು ಒಂದು ಮತ. ಪುಸ್ತಕದಲ್ಲಿ ಬಿಡಿಬಿಡಿಯಾಗಿ ಓದಿದ ಉಸಿರು, ರಕ್ತ, ಮೂತ್ರ, ಮಿದುಳುಗಳ ವ್ಯಾಪಾರವೆಲ್ಲ ಒಂದೇ ಮಂಚದ ಮೇಲೆ ಒಟ್ಟಾಗಿ ಕಾಣುವುದು ಅಲ್ಲಿಯೇ, ಆದಕಾರಣ ಹೋಗಲೇಬೇಕು ಎಂಬುದು ಇನ್ನೊಂದು. ಈ ವಿವಾದವು ಹೊಸದಾದರೂ ಇದರ ಬೇರು ೧೯೫೨ನೆಯ ಇಸವಿಯ ಕೋಪನ್‌ಹೇಗನ್ ನಗರದಲ್ಲಿದೆ. ಆ ಕಥೆಯನ್ನು ತಿಳಿದವರಿಗೆ ಎರಡು ಮತಗಳ ಬಲಾಬಲವೂ ತಿಳಿಯುತ್ತದೆ.

ಡೆನ್ಮಾರ್ಕ್ ದೇಶದ ರಾಜಧಾನಿಯಾದ ಕೋಪನ್‌ಹೇಗನ್ನಿನಲ್ಲಿ ಬ್ಲೆಗ್ದಾಮ್ ಎಂಬ ಹೆಸರಿನ ಆಸ್ಪತ್ರೆಯೊಂದಿತ್ತು. ಅಂಟುರೋಗಗಳಿಗೆಂದೇ ಮೀಸಲಾಗಿದ್ದ ಆಸ್ಪತ್ರೆ ಅದು. ಪ್ರೊಫೆಸರ್ ಲಾಸೆನ್ ಎಂಬವರು ಅದರ ಮುಖ್ಯ ವೈದ್ಯರು. ೧೯೫೧ನೆಯ ಸೆಪ್ಟೆಂಬರಿನಲ್ಲಿ ಪೋಲಿಯೋ ರೋಗವನ್ನು ಕುರಿತ ಎರಡನೆಯ ಅಂತರರಾಷ್ಟ್ರೀಯ ಸಮ್ಮೇಳನವು ಅದೇ ನಗರದಲ್ಲಿ ಸೇರಿದ್ದಿತು. ವಿದ್ವಾಂಸರು ಬಂದು ಚರ್ಚಿಸಿ ಹೋಗಿ ಒಂದು ವರ್ಷ ತುಂಬುವುದರೊಳಗೆ ಆ ರೋಗವೇ ನಗರಕ್ಕೆ ನುಗ್ಗಿತು.

೧೯೫೨ನೆಯ ಜುಲೈ ತಿಂಗಳ ಕೊನೆಯಿಂದ ಡಿಸೆಂಬರಿನ ಆದಿಯವರೆಗೆ ಬ್ಲೆಗ್ದಾಮ್ ಆಸ್ಪತ್ರೆಗೆ ೨,೭೨೨ ಮಂದಿ ಪೋಲಿಯೋ ರೋಗಿಗಳು ಬಂದರು. ರೋಗದ ಉಬ್ಬರದ ದಿನಗಳಲ್ಲಿ ನಿತ್ಯವೂ ೫೦ರಷ್ಟು ಮಂದಿ ಬರುತ್ತಿದ್ದರು. ಅವರೊಳಗೆ ೮೬೬ ಮಂದಿಗೆ ಅಂಗಾಂಗಗಳು ಸೋತವು. ೩೦೦ಕ್ಕೂ ಹೆಚ್ಚು ಮಂದಿಗೆ ಉಸಿರಾಡುವ ಸ್ನಾಯುಗಳೋ ನುಂಗುವ ಗಂಟಲೋ ಅಥವಾ ಎರಡೂ ಸ್ವಾಧೀನ ತಪ್ಪಿದವು. ಬಂದವರಲ್ಲಿ ಮಕ್ಕಳೇ ಅಧಿಕ. ಆ ಕಾಲಕ್ಕೆ ಈ ರೋಗಕ್ಕೆ ಲಸಿಕೆಯೇ ಇರಲಿಲ್ಲ. ಅಮೆರಿಕದ ಜೋನಾಸ್ ಸಾಲ್ಕ್ ಅವರ ಲಸಿಕೆಯು ಫಲಕಾರಿಯೆಂಬ ಸುದ್ದಿ ಪ್ರಕಟವಾದುದು ೧೯೫೫ನೆಯ ಏಪ್ರಿಲ್ ತಿಂಗಳಲ್ಲಿ.

ಉಸಿರು ಸೋತವರಿಗೆ ಅಂದು ಇದ್ದ ಸಾಧನವೆಂದರೆ ‘ಕಬ್ಬಿಣದ ಶ್ವಾಸಕೋಶ’. ೧೯೨೮ರಲ್ಲಿ ಹಾರ್ವರ್ಡಿನ ಫಿಲಿಪ್ ಡ್ರಿಂಕರ್ ಮತ್ತು ಲೂಯಿಸ್ ಶಾ ಎಂಬವರು ನಿರ್ಮಿಸಿದ ಈ ಯಂತ್ರವು ದೊಡ್ಡದೊಂದು ಉರುಳೆಯಾಕಾರದ ಪೆಟ್ಟಿಗೆ. ರೋಗಿಯ ತಲೆ ಹೊರಗೆ, ದೇಹವೆಲ್ಲ ಒಳಗೆ. ಪೆಟ್ಟಿಗೆಯೊಳಗಣ ಗಾಳಿಯನ್ನು ಹೊರಕ್ಕೆಳೆದಾಗ ಎದೆ ಹಿಗ್ಗಿ ಉಸಿರು ಒಳಕ್ಕೆ ಬರುತ್ತದೆ. ಗಾಳಿಯನ್ನು ಮರಳಿ ಬಿಟ್ಟಾಗ ಎದೆ ಕುಗ್ಗಿ ಉಸಿರು ಹೊರಡುತ್ತದೆ. ಬ್ಲೆಗ್ದಾಮಿನಲ್ಲಿ ಇಂಥ ಪೆಟ್ಟಿಗೆ ಒಂದೇ ಒಂದು ಇತ್ತು. ಎದೆಗೆ ಮಾತ್ರ ಕಟ್ಟುವ ಕವಚದಂಥ ಯಂತ್ರಗಳು ಆರು ಇದ್ದವು. ಯಂತ್ರಗಳು ಸಾಲದೆ ಹೋದುದು ಒಂದು ಕಷ್ಟವಾದರೆ, ಇದ್ದ ಯಂತ್ರಗಳೂ ಉಪಯೋಗಕ್ಕೆ ಬಾರದೆ ಹೋದುದು ಇನ್ನೂ ದೊಡ್ಡ ಕಷ್ಟ. ಗಂಟಲು ಸೋತ ರೋಗಿಗೆ ಎಂಜಲನ್ನೂ ಕಫವನ್ನೂ ನುಂಗಲಾಗದು. ಯಂತ್ರವು ಎದೆಯನ್ನು ಹಿಗ್ಗಿಸಿದಾಗಲೆಲ್ಲ ಗಾಳಿಯೊಡನೆ ಅದೂ ಶ್ವಾಸನಾಳಕ್ಕೆ ಇಳಿಯುತ್ತಿತ್ತು. ಮೊದಲ ಮೂರು ವಾರಗಳಲ್ಲಿ ಯಂತ್ರಗಳ ನೆರವು ಪಡೆದ ೩೧ ರೋಗಿಗಳಲ್ಲಿ ೨೭ ಮಂದಿ ತೀರಿಕೊಂಡರು.

ಆಗಸ್ಟ್ ೨೫ರಂದು ಆಸ್ಪತ್ರೆಯ ವೈದ್ಯರು ಸೇರಿ ಆಲೋಚಿಸಿದರು. ಅವರಲ್ಲಿ ಮೊಗೆನ್ಸ್ ಬ್ಯೋರ್ನೆಬೋ ಎಂಬ ವೈದ್ಯರಿಗೆ ಹಳೆಯ ಪ್ರಸಂಗವೊಂದು ನೆನಪಿಗೆ ಬಂದಿತು. ಕೆಲವು ತಿಂಗಳ ಹಿಂದೆ ಧನುರ್ವಾತದಿಂದ ಸೆಟೆದುಕೊಂಡಿದ್ದ ಒಂದು ಎಳೆಯ ಶಿಶುವಿಗೆ ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆಯ ವೈದ್ಯರು ಸ್ನಾಯುಗಳನ್ನು ಸಡಿಲಿಸುವ ಔಷಧವನ್ನು ಕೊಟ್ಟು, ರಬ್ಬರಿನ ಚೀಲವನ್ನು ಕೈಯಿಂದ ಒತ್ತಿ ಉಸಿರಾಡಿಸಿದ್ದರು. ಶಿಶುವು ಉಳಿಯಲಿಲ್ಲವಾದರೂ ಆ ವಿಧಾನವು ಬ್ಯೋರ್ನೆಬೋ ಅವರ ಮನಸ್ಸಿನಲ್ಲಿ ಉಳಿದಿತ್ತು. ಇಬ್ಸೆನ್ನರನ್ನು ಕರೆಸಬೇಕೆಂದು ಅವರು ಸೂಚಿಸಿದರು.

ಇಬ್ಸೆನ್ನರಿಗೆ ಆಗ ೩೬ ವರ್ಷ. ಅರಿವಳಿಕೆಯು ಸ್ವತಂತ್ರವಾದ ಶಾಸ್ತ್ರವೆಂಬ ಭಾವನೆ ಡೆನ್ಮಾರ್ಕಿನಲ್ಲಿ ಇನ್ನೂ ಬೇರೂರಿರಲಿಲ್ಲ. ಶಸ್ತ್ರವೈದ್ಯನ ಪಕ್ಕದಲ್ಲಿ ನಿಂತು ರೋಗಿಯನ್ನು ನಿದ್ರೆಗೊಳಿಸುವ ಸಹಾಯಕನೆಂದೇ ಅದನ್ನು ನಡೆಸುವವನನ್ನು ಕಾಣುತ್ತಿದ್ದರು. ಅಂಥ ಕಾಲದಲ್ಲಿ ಇಬ್ಸೆನ್ನರು ಆ ಮಾರ್ಗವನ್ನೇ ಹಿಡಿದು, ೧೯೪೯ರಿಂದ ೧೯೫೦ರವರೆಗೆ ಅಮೆರಿಕದ ಬಾಸ್ಟನ್ ನಗರದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಅದನ್ನು ಕಲಿತು ಬಂದಿದ್ದರು. ಹತ್ತು ಜನ ಗೌರವಿಸುವ ವಿಭಾಗವನ್ನು ಬಿಟ್ಟು ತನಗೆ ಸರಿಯೆಂದು ತೋರಿದುದನ್ನು ಆರಿಸಿದವನ ವಿದ್ಯೆಯು ಯಾವ ದಿನ ಯಾರಿಗೆ ಬೇಕಾಗುವುದೋ ಮೊದಲೇ ಹೇಳಲಾಗದು.

ಇಬ್ಸೆನ್ನರು ಮೃತರಾದ ನಾಲ್ವರ ಶವಪರೀಕ್ಷೆಯ ಫಲಿತಾಂಶಗಳನ್ನೂ ರೋಗಿಗಳ ದಾಖಲೆಗಳನ್ನೂ ನೋಡಿದರು. ಸತ್ತವರ ರಕ್ತದಲ್ಲಿ ಇಂಗಾಲಾಮ್ಲವಾಯುವಿನ ಒಟ್ಟು ಪ್ರಮಾಣವು ಬಹಳ ಹೆಚ್ಚಾಗಿತ್ತು. ಅದನ್ನು ಕಂಡ ವೈದ್ಯರು ರಕ್ತದಲ್ಲಿ ಕ್ಷಾರವು ಏರಿದೆಯೆಂದು ತಿಳಿದು, ಕಾರಣ ಕಾಣದೆ ಬೆರಗಾಗಿದ್ದರು. ಇಬ್ಸೆನ್ನರು ಬೇರೆ ಅರ್ಥವನ್ನು ಹೇಳಿದರು: ಇದು ಕ್ಷಾರವಲ್ಲ, ಉಸಿರಿನೊಡನೆ ಹೊರಹೋಗಬೇಕಾದ ವಾಯುವು ಹೋಗದೆ ಒಳಗೇ ನಿಂತು ಆಮ್ಲವಾಗಿದೆ, ಈ ಮಕ್ಕಳು ಸಾಯುತ್ತಿರುವುದು ಮಿದುಳಿಗೆ ತಗುಲಿದ ರೋಗದಿಂದಲ್ಲ, ಉಸಿರು ಸಾಲದೆ. ಆಸ್ಪತ್ರೆಯ ಪ್ರಯೋಗಶಾಲೆಯ ಮುಖ್ಯಸ್ಥರಾದ ಪೌಲ್ ಆಸ್ಟ್ರಪ್ ಎಂಬವರು ರಕ್ತದ ಆಮ್ಲತೆಯನ್ನು ನೇರವಾಗಿ ಅಳೆದು ನೋಡಿದಾಗ ಇಬ್ಸೆನ್ನರ ಮಾತೇ ನಿಜವಾಯಿತು. ರೋಗವು ಗುಣವಾಗದಿದ್ದರೂ ಉಸಿರನ್ನು ಮಾತ್ರ ಸರಿಯಾಗಿ ನಡೆಯಿಸಿದರೆ ಜೀವವು ಉಳಿದೀತೆಂಬ ಆಸೆಗೆ ಇದರಿಂದ ಆಧಾರ ದೊರೆಯಿತು.

ಆಗಸ್ಟ್ ೨೭ರಂದು ಪರೀಕ್ಷೆ ನಡೆಯಿತು. ೧೨ ವರ್ಷದ ಒಬ್ಬ ಬಾಲಿಕೆ ಕೈಕಾಲುಗಳು ಸೋತು, ಜ್ವರವೇರಿ, ತನ್ನ ಕಫದಲ್ಲಿ ತಾನೇ ಮುಳುಗಿ ಮರಣೋನ್ಮುಖಳಾಗಿದ್ದಳು. ಆಕೆಯ ಶ್ವಾಸನಾಳವನ್ನು ಕತ್ತಿನಲ್ಲಿ ಛೇದಿಸಿ ಅದರೊಳಕ್ಕೆ ರಬ್ಬರಿನ ನಳಿಕೆಯನ್ನು ತೂರಿಸಿದರು. ಆದರೆ ಶ್ವಾಸಮಾರ್ಗಗಳು ಬಿಗಿದುಕೊಂಡವು, ಬಾಲಿಕೆ ಒದ್ದಾಡತೊಡಗಿದಳು, ಚೀಲವನ್ನು ಎಷ್ಟು ಒತ್ತಿದರೂ ಗಾಳಿ ಒಳಗಿಳಿಯದಾಯಿತು. ನೋಡಲು ನೆರೆದಿದ್ದ ವೈದ್ಯರು ಇನ್ನು ಮುಗಿಯಿತೆಂದುಕೊಂಡು ಒಬ್ಬೊಬ್ಬರಾಗಿ ಕೋಣೆಯಿಂದ ಹೊರಟುಹೋದರು. ಇಬ್ಸೆನ್ನರು ೧೦೦ ಮಿಲಿಗ್ರಾಂ ಪೆಂಟೋಥಾಲ್ ಎಂಬ ನಿದ್ರೌಷಧವನ್ನು ರಕ್ತನಾಳಕ್ಕೆ ಕೊಟ್ಟರು. ಬಾಲಿಕೆಯ ಒದ್ದಾಟ ನಿಂತಿತು. ಆಕೆಗೆ ಉಳಿದಿದ್ದ ಅಲ್ಪಸ್ವಲ್ಪ ಉಸಿರೂ ನಿಂತಿತು. ಆಗ ಗಾಳಿಯು ಸರಾಗವಾಗಿ ಒಳಗೆ ಹೋಯಿತು. ಮೈಬಣ್ಣ ತಿರುಗಿತು, ಚರ್ಮದ ಬೆವರು ಆರಿತು. ಹೋದವರು ಮರಳಿ ಬಂದರು. ಆಕೆಯನ್ನು ಎದೆಗವಚದ ಯಂತ್ರಕ್ಕೆ ಹಚ್ಚಿದಾಗ ಇಂಗಾಲಾಮ್ಲವಾಯು ಮತ್ತೆ ಏರಿತು; ಕೈಚೀಲಕ್ಕೆ ಬದಲಿಸಿದಾಗ ಮತ್ತೆ ಇಳಿಯಿತು. ಸಂದೇಹಕ್ಕೆ ಅವಕಾಶವುಳಿಯಲಿಲ್ಲ. ಆ ಬಾಲಿಕೆ ಬದುಕಿದಳು. ಯಂತ್ರದ ಉಸಿರಿನ ನೆರವಿನಿಂದಲೇ ಬೆಳೆದು ೧೯೭೧ರವರೆಗೆ ಜೀವಿಸಿದ್ದಳು.

ಮಾರ್ಗವೇನೋ ದೊರೆಯಿತು, ಆದರೆ ಅದನ್ನು ನಡೆಸುವ ಕೈಗಳು ಎಲ್ಲಿ? ಚೀಲವನ್ನು ಒಬ್ಬರು ಕುಳಿತು ಒತ್ತುತ್ತಲೇ ಇರಬೇಕು. ನಿಮಿಷಕ್ಕೆ ಹಲವು ಬಾರಿ, ಹಗಲೂ ಇರುಳೂ, ವಾರಗಟ್ಟಲೆ, ತಿಂಗಳುಗಟ್ಟಲೆ. ಕೈ ನಿಂತರೆ ಉಸಿರು ನಿಂತಿತು. ಒಬ್ಬ ರೋಗಿಗೆ ದಿನಕ್ಕೆ ಮೂವರೋ ನಾಲ್ವರೋ ಬೇಕು. ಉಬ್ಬರದ ಕಾಲದಲ್ಲಿ ಒಂದೇ ಸಮಯಕ್ಕೆ ೭೦ ಮಂದಿಗೆ ಹೀಗೆ ಉಸಿರಾಡಿಸಬೇಕಾಗಿತ್ತು. ಆಸ್ಪತ್ರೆಯ ವೈದ್ಯರನ್ನೂ ದಾದಿಯರನ್ನೂ ಎಲ್ಲ ಕೂಡಿಸಿದರೂ ಲೆಕ್ಕ ಹೊಂದುವಂತಿರಲಿಲ್ಲ. ಆಗ ಕರೆ ಹೋದುದು ವಿಶ್ವವಿದ್ಯಾಲಯದ ವೈದ್ಯವಿದ್ಯಾರ್ಥಿಗಳಿಗೆ. ಅವರು ಬಂದರು. ಅವರ ಸಂಖ್ಯೆ ಸಾಲದೆ ಹೋದಾಗ ದಂತವೈದ್ಯಶಾಸ್ತ್ರದ ವಿದ್ಯಾರ್ಥಿಗಳೂ ಬಂದರು. ಒಟ್ಟು ಸುಮಾರು ೧,೫೦೦ ಮಂದಿ ಸರದಿಯ ಮೇಲೆ ಕುಳಿತು ಸುಮಾರು ೧,೬೫,೦೦೦ ಗಂಟೆಗಳ ಕಾಲ ಚೀಲವನ್ನು ಒತ್ತಿದರೆಂದು ಲೆಕ್ಕವಾಗಿದೆ. ಒಬ್ಬನೇ ಮನುಷ್ಯನು ಅನ್ನನಿದ್ರೆಗಳಿಲ್ಲದೆ ಹಗಲಿರುಳು ಆ ಕೆಲಸಕ್ಕೆ ಕುಳಿತಿದ್ದರೆ ಹದಿನೆಂಟು ವರ್ಷಗಳಿಗೂ ಮೀರಿದ ಕಾಲ ಬೇಕಾಗುತ್ತಿತ್ತು.

ಅವರಿಗೆ ದೊರೆತ ಶಿಕ್ಷಣವು ಅಲ್ಪಕಾಲದ್ದು. ನಳಿಕೆಯ ಬಾಯಿಗೆ ಚೀಲ. ಚೀಲಕ್ಕೆ ಆಮ್ಲಜನಕವನ್ನೂ ಸಾರಜನಕವನ್ನೂ ಸಮವಾಗಿ ಬೆರಸಿದ ಗಾಳಿ. ನಡುವೆ ಇಂಗಾಲಾಮ್ಲವಾಯುವನ್ನು ಹೀರುವ ಸೋಡಾಸುಣ್ಣದ ಡಬ್ಬಿ. ಎದೆ ಏಳುವುದನ್ನು ನೋಡಬೇಕು, ಉಗುರಿನ ಬಣ್ಣ ನೋಡಬೇಕು, ಕಫ ಕಟ್ಟಿದರೆ ದಾದಿಯನ್ನು ಕರೆದು ತೆಗೆಸಬೇಕು. ಕೆಲಸವನ್ನು ಹೇಳಿ ಮುಗಿಸಲು ಇಷ್ಟೇ ಮಾತು ಸಾಕು. ಆರೆಂಟು ಗಂಟೆಗಳ ಸರದಿಯನ್ನು ಮುಗಿಸಲು ಮಾತ್ರ ಬೇರೊಂದು ಶಕ್ತಿ ಬೇಕಾಗಿತ್ತು. ಕತ್ತಿನಲ್ಲಿ ನಳಿಕೆಯಿದ್ದ ರೋಗಿಗೆ ಧ್ವನಿಯಿಲ್ಲ. ಕಣ್ಣಿನಿಂದಲೂ ತುಟಿಯ ಚಲನೆಯಿಂದಲೂ ಅವನು ತಿಳಿಸಿದ್ದನ್ನು ಮಂಚದ ತಲೆದೆಸೆಯಲ್ಲಿ ಕುಳಿತವನು ಅರಿಯಬೇಕು: ಗಾಳಿ ಸಾಲದು, ಗಾಳಿ ಹೆಚ್ಚಾಯಿತು, ಹೆದರಿಕೆಯಾಗುತ್ತಿದೆ. ಮಕ್ಕಳಿಗೆ ವಿದ್ಯಾರ್ಥಿಗಳು ಕಥೆಗಳನ್ನು ಓದಿ ಹೇಳುತ್ತಿದ್ದರು. ಒಂದು ಕೈಯಲ್ಲಿ ಪುಸ್ತಕ, ಇನ್ನೊಂದರಲ್ಲಿ ಉಸಿರು.

ಇದು ಯಶಸ್ಸಿನ ಕಥೆಯೆಂದು ಮಾತ್ರ ಹೇಳಿ ನಿಲ್ಲಿಸಿದರೆ ಆ ವಿದ್ಯಾರ್ಥಿಗಳಿಗೆ ನ್ಯಾಯ ದೊರೆಯುವುದಿಲ್ಲ. ಇರುಳಿನಲ್ಲಿ ಮಲಗಿದವರ ನಿದ್ರೆ ಕೆಡದಿರಲೆಂದು ದೀಪಗಳನ್ನು ತಗ್ಗಿಸುತ್ತಿದ್ದರು. ಮಂದವಾದ ಬೆಳಕಿನಲ್ಲಿ ರೋಗಿಯ ಬಣ್ಣವು ಕಾಣದು. ಉಸಿರು ಸಾಕಾಯಿತೋ ಇಲ್ಲವೋ ಅನುಭವವಿಲ್ಲದ ಕೈಗೆ ತಿಳಿಯದು. ಬೆಳಗಾದಾಗ ತಾನು ಉಸಿರಾಡಿಸುತ್ತಿದ್ದ ಜೀವವು ಯಾವಾಗಲೋ ಹೋಗಿಬಿಟ್ಟಿದೆಯೆಂದು ಅರಿತವರೂ ಇದ್ದರು. ಇಪ್ಪತ್ತು ಇಪ್ಪತ್ತೆರಡು ವರ್ಷದವರು ಅವರು. ತನ್ನ ಕೈ ಮಾಡಿದ ತಪ್ಪೋ ರೋಗವೇ ಗೆದ್ದುದೋ ಎಂಬ ಪ್ರಶ್ನೆಗೆ ಅವರಿಗೆ ಉತ್ತರ ಹೇಳಬಲ್ಲವರು ಯಾರೂ ಇರಲಿಲ್ಲ. ತಮಗೇ ರೋಗ ತಗಲಬಹುದೆಂಬ ಭಯವೂ ಇತ್ತು. ಲಸಿಕೆಯಿಲ್ಲದ ಕಾಲದಲ್ಲಿ ಆ ಭಯವು ಅಕಾರಣವಾದುದಲ್ಲ. ಹಾಗಿದ್ದೂ ಮರುದಿನದ ಸರದಿಗೆ ಕುರ್ಚಿಗಳು ಬರಿದಾಗಿರಲಿಲ್ಲ. ಮೊದಲ ದಿನ ಬಂದುದಕ್ಕೆ ಕರೆಯೇ ಕಾರಣವೆನ್ನಬಹುದು. ಹಾಸಿಗೆಯ ಮೇಲಿನ ಕಣ್ಣುಗಳನ್ನು ಕಂಡ ಮೇಲೆ ಎರಡನೆಯ ದಿನ ಬಂದುದು ಅವರವರ ಆಯ್ಕೆ.

ಫಲವು ಸ್ಪಷ್ಟವಾಗಿತ್ತು. ಮೊದಲ ವಾರಗಳಲ್ಲಿ ಉಸಿರು ಸೋತವರೊಳಗೆ ನೂರಕ್ಕೆ ೮೭ ಮಂದಿ ಸಾಯುತ್ತಿದ್ದರು. ಕೈಚೀಲದ ಕ್ರಮವು ನೆಲೆಗೊಂಡ ಮೇಲೆ ಆ ಪ್ರಮಾಣವು ಅರ್ಧಕ್ಕಿಂತಲೂ ಕೆಳಗಿಳಿಯಿತು. ೧೯೫೩ನೆಯ ಜನವರಿಯಲ್ಲಿ ಲಾಸೆನ್ನರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಈ ಅನುಭವವನ್ನು ಪ್ರಕಟಿಸಿದರು. ಅದೇ ವರ್ಷ ಸ್ಟಾಕ್‌ಹೋಮಿನಲ್ಲಿ ಪೋಲಿಯೋ ಹಬ್ಬಿದಾಗ, ಸ್ವೀಡನ್ನಿನ ಕಾರ್ಲ್ ಗುನ್ನಾರ್ ಎಂಗ್‌ಸ್ಟ್ರೋಮ್ ಎಂಬ ವೈದ್ಯರು ರಚಿಸಿದ ಯಂತ್ರವು ವಿದ್ಯಾರ್ಥಿಗಳ ಕೈಗಳು ಮಾಡಿದ ಕೆಲಸವನ್ನೇ ಮಾಡಿತು. ಇಂದು ಆಸ್ಪತ್ರೆಗಳಲ್ಲಿರುವ ವೆಂಟಿಲೇಟರುಗಳು ಗಾಳಿಯನ್ನು ಹೊರಗಿನಿಂದ ಒಳಕ್ಕೆ ತಳ್ಳುವುದು ಅದೇ ಕ್ರಮದಿಂದ. ಆಸ್ಟ್ರಪ್ಪರ ಪ್ರಯೋಗಶಾಲೆಯಲ್ಲಿ ಬೆಳೆದ ರಕ್ತಪರೀಕ್ಷೆಯ ವಿಧಾನವು ತೀವ್ರನಿಗಾ ವಿಭಾಗದ ನಿತ್ಯಕರ್ಮವೇ ಆಗಿದೆ. ೧೯೫೬ರಲ್ಲಿ ಅದೇ ದೇಶದ ಹೆನ್ನಿಂಗ್ ರೂಬೆನ್ ಅವರ ಯತ್ನದಿಂದ, ಒತ್ತಿದ ಮೇಲೆ ತಾನಾಗಿ ಉಬ್ಬಿಕೊಳ್ಳುವ ಚೀಲವೊಂದು ಬಳಕೆಗೆ ಬಂದಿತು. ಕರ್ನಾಟಕದ ಆಸ್ಪತ್ರೆಗಳಲ್ಲಿ ‘ಆಂಬು ಬ್ಯಾಗ್’ ಎಂದು ಕರೆಯುವ ವಸ್ತುವು ಅದೇ. ಆ ಹೆಸರನ್ನು ನಿತ್ಯವೂ ನುಡಿಯುವ ಅನೇಕರಿಗೆ ಅದು ಕೋಪನ್‌ಹೇಗನ್ನಿನಿಂದ ಬಂದುದೆಂಬುದು ತಿಳಿದಿರಲಾರದು.

ಇಬ್ಸೆನ್ನರು ಅಲ್ಲಿಗೇ ನಿಲ್ಲಲಿಲ್ಲ. ಪೋಲಿಯೋ ಪೀಡಿತನಿಗೆ ಉಸಿರಿನ ನೆರವು ಸಲ್ಲುವುದಾದರೆ, ವಿಷ ಕುಡಿದವನಿಗೆ, ಪೆಟ್ಟಾದವನಿಗೆ, ದೊಡ್ಡ ಶಸ್ತ್ರಚಿಕಿತ್ಸೆಯಾದವನಿಗೆ ಏಕೆ ಸಲ್ಲಬಾರದು? ರೋಗದ ಹೆಸರು ಯಾವುದಾದರೂ ಇರಲಿ, ಪ್ರಾಣಾಧಾರವಾದ ವ್ಯಾಪಾರವು ಸೋತವರನ್ನೆಲ್ಲ ಒಂದೆಡೆ ಕೂಡಿಸಿ ಹಗಲಿರುಳು ಕಾಯಬೇಕೆಂದು ಅವರು ನಿಶ್ಚಯಿಸಿದರು. ೧೯೫೩ನೆಯ ಡಿಸೆಂಬರಿನಲ್ಲಿ ಕೋಪನ್‌ಹೇಗನ್ನಿನ ನಗರಸಭೆಯ ಆಸ್ಪತ್ರೆಯಲ್ಲಿ ಅಂಥದೊಂದು ವಿಭಾಗವು ಆರಂಭವಾಯಿತು. ದಾದಿಯರ ಪಾಠಕ್ಕೆಂದು ಇದ್ದ ಕೋಣೆಯೇ ಅದಕ್ಕೆ ಸ್ಥಳವಾಯಿತು. ಲೋಕದ ತೀವ್ರನಿಗಾ ವಿಭಾಗಗಳಿಗೆಲ್ಲ ಅದೇ ಮೊದಲನೆಯದೆಂದು ಬಹುಮಂದಿ ಎಣಿಸುತ್ತಾರೆ. ವಿದ್ಯಾರ್ಥಿಗಳ ಕೈಗಳಿಂದ ಉಳಿದ ವಿಧಾನಕ್ಕೆ ವಿದ್ಯಾರ್ಥಿನಿಯರ ಪಾಠದ ಕೋಣೆಯಲ್ಲಿ ಮನೆ ದೊರೆತುದು ಕೇವಲ ಆಕಸ್ಮಿಕವಾದರೂ ಮರೆಯುವಂಥದಲ್ಲ.

ಈಗ ಮೊದಲಿನ ವಿವಾದಕ್ಕೆ ಬರಬಹುದು. ತೀವ್ರನಿಗಾ ವಿಭಾಗದಲ್ಲಿ ವಿದ್ಯಾರ್ಥಿಯು ಪ್ರೇಕ್ಷಕನಷ್ಟೆ ಎಂಬ ಮತಕ್ಕೆ ೧೯೫೨ನೆಯ ವರ್ಷವು ಕೊಡುವ ಉತ್ತರವು ಇದು: ಚಿಕ್ಕದಾದ, ಗೆರೆ ಎಳೆದು ತೋರಿಸಿದ ಒಂದು ಕೆಲಸವನ್ನು ಒಪ್ಪಿಸಿದರೆ ವಿದ್ಯಾರ್ಥಿಯು ಅನಿವಾರ್ಯನಾಗಬಲ್ಲನು. ಆ ವಿದ್ಯಾರ್ಥಿಗಳು ರೋಗವನ್ನು ನಿದಾನಿಸಲಿಲ್ಲ, ಔಷಧವನ್ನು ನಿರ್ಣಯಿಸಲಿಲ್ಲ. ಒಂದು ಎದೆ ಏಳುವುದನ್ನೂ ಬೀಳುವುದನ್ನೂ ನೋಡಿದರು. ದೇಹವು ಹೇಳುವುದನ್ನು ಕೇಳಲು ಕಲಿತರು. ಆದರೆ ವಿದ್ಯಾರ್ಥಿಯನ್ನು ಅಲ್ಲಿಗೆ ಕಳುಹಿಸಲೇಬೇಕೆನ್ನುವವರಿಗೂ ಅದೇ ವರ್ಷವು ಇನ್ನೊಂದು ಮಾತನ್ನು ಹೇಳುತ್ತದೆ. ಮಬ್ಬುಬೆಳಕಿನ ಇರುಳುಗಳಲ್ಲಿ ಒಂಟಿಯಾಗಿ ಬಿಟ್ಟ ಎಳೆಯ ಕೈಗಳು ಸೋತದ್ದುಂಟು, ಆ ಸೋಲಿನ ಭಾರವನ್ನು ಅವು ಹೊತ್ತದ್ದೂ ಉಂಟು. ಪಕ್ಕದಲ್ಲಿ ಬಲ್ಲವರೊಬ್ಬರು ನಿಂತಿರದೆ, ಸಾವು ಬಂದಾಗ ಆ ಸಾವಿನ ವಿಷಯವನ್ನು ಕುಳಿತು ಮಾತಾಡುವವರಿರದೆ, ಆ ಕೋಣೆಯು ಯಾರಿಗೂ ಪಾಠಶಾಲೆಯಾಗದು. ಶಾಸ್ತ್ರವನ್ನು ಮಾತ್ರ ಬಲ್ಲವನನ್ನೂ ಕರ್ಮವನ್ನು ಮಾತ್ರ ಬಲ್ಲವನನ್ನೂ ಒಂಟಿರೆಕ್ಕೆಯ ಹಕ್ಕಿಗೆ ಹೋಲಿಸಿದ ಸುಶ್ರುತಸಂಹಿತೆಯ ಅಭಿಪ್ರಾಯವೂ ಇದಕ್ಕೆ ವಿರೋಧವಾದುದಲ್ಲ.

ಆದುದರಿಂದ ಆ ವಿಭಾಗವನ್ನು ಆರಿಸುವ ವಿದ್ಯಾರ್ಥಿಯು ತಿಳಿಯಬೇಕಾದುದು ಯಂತ್ರಗಳ ವೈಭವವನ್ನಲ್ಲ. ಯಂತ್ರವಿಲ್ಲದಾಗ ಅಲ್ಲಿ ಇದ್ದುದೇನು ಎಂಬುದನ್ನು. ಅಂದು ಕೋಣೆಯಲ್ಲಿ ಒಬ್ಬರು ಮಾತ್ರ ಹೊರಗೆ ಹೋಗದೆ ನಿಂತಿದ್ದರು. ಅವರ ಕೈಯಲ್ಲಿ ಒಂದು ರಬ್ಬರಿನ ಚೀಲವಿತ್ತು, ಮನಸ್ಸಿನಲ್ಲಿ ಉಸಿರಿನ ವ್ಯಾಪಾರದ ನಿಚ್ಚಳವಾದ ತಿಳಿವಿತ್ತು. ತಿಳಿವಿಲ್ಲದೆ ನಿಂತಿದ್ದರೆ ಬಾಲಿಕೆ ಉಳಿಯುತ್ತಿರಲಿಲ್ಲ. ತಿಳಿವಿದ್ದೂ ಹೊರಟುಹೋಗಿದ್ದರೆ ಆಗಲೂ ಉಳಿಯುತ್ತಿರಲಿಲ್ಲ.

೨೦೧೪ನೆಯ ಮಾರ್ಚಿಯಲ್ಲಿ ಭಾರತವೂ ನೆರೆಯ ಹಲವು ದೇಶಗಳೂ ಪೋಲಿಯೋ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆಯ ಮನ್ನಣೆ ಪಡೆದವು. ಆ ರೋಗವು ಹಿಂದೆ ಸರಿದರೂ ಉಸಿರು ಕಟ್ಟುವ ಕಾಲವು ಮತ್ತೆ ಬಂದಿತು. ೨೦೨೦ರಲ್ಲಿ ಕೊರೋನಾ ವ್ಯಾಧಿ ಹಬ್ಬಿದಾಗ ಡೆನ್ಮಾರ್ಕಿನಲ್ಲಿ ವೈದ್ಯವಿದ್ಯಾರ್ಥಿಗಳಿಗೆ ವೆಂಟಿಲೇಟರಿನ ಬಳಿ ಸಹಾಯಕರಾಗಿರುವ ಶಿಕ್ಷಣವನ್ನು ತ್ವರೆಯಿಂದ ಕೊಟ್ಟರು. ಇಟಲಿಯಲ್ಲಿ ಸಾವಿರಾರು ಹೊಸ ಪದವೀಧರರಿಗೆ ಕೊನೆಯ ಸರ್ಕಾರಿ ಪರೀಕ್ಷೆಯಿಲ್ಲದೆಯೇ ಕೆಲಸಕ್ಕೆ ಅನುಮತಿಯಾಯಿತು. ೨೦೨೧ನೆಯ ಮೇ ತಿಂಗಳಲ್ಲಿ ಭಾರತ ಸರ್ಕಾರವೂ ಕೊನೆಯ ವರ್ಷದ ವಿದ್ಯಾರ್ಥಿಗಳನ್ನು ಹಿರಿಯರ ಮೇಲ್ವಿಚಾರಣೆಯಲ್ಲಿ ಸೌಮ್ಯರೋಗಿಗಳ ಆರೈಕೆಗೆ ತೊಡಗಿಸಲು ಒಪ್ಪಿತು. ಬ್ಲೆಗ್ದಾಮಿನ ಮಂಚಗಳ ಬಳಿ ಕುಳಿತವರಲ್ಲಿ ಬದುಕಿದ್ದವರಿಗೆ ಆಗ ತೊಂಬತ್ತರ ಆಸುಪಾಸಿನ ವಯಸ್ಸು. ಅವರ ಕೈಗಳು ದಣಿದು ಎಷ್ಟೋ ಕಾಲವಾಗಿತ್ತು. ಅವರು ಬಿಟ್ಟೆದ್ದ ಕುರ್ಚಿಯಲ್ಲಿ ಅವರ ದೇಶದ ಎಳೆಯರು ಮತ್ತೆ ಬಂದು ಕುಳಿತರು.